ಹೃದಯದ ಆಪರೇಷನ್ ಆಗಿ ವರ್ಷಗಳಾಗಿವೆಯೇ? ಚಳಿಗಾಲದ ಹೊಲದ ಕೆಲಸಕ್ಕೆ ಹೀಗೆ ಸಿದ್ಧರಾಗಿ



ಪ್ರತಿ ವಾರ ಇಲ್ಲಿ ಗೊಬ್ಬರ, ಕೀಟ, ರೋಗ, ಕಸಿ ಅಂತ ಬರೆಯುತ್ತಾ ಬಂದಿದ್ದೇನೆ. ಈ ವಾರದ ವಿಷಯ ಬೆಳೆಯದ್ದಲ್ಲ, ಬೆಳೆಯುವವರದ್ದು. ನವೆಂಬರ್ ಶುರುವಾದರೆ ಸಾಕು, ತೋಟದ ಪ್ರಶ್ನೆ ಕೇಳಲು ಫೋನ್ ಮಾಡಿದವರಲ್ಲಿ ಕೆಲವರು ಕೊನೆಗೆ ಧ್ವನಿ ತಗ್ಗಿಸಿ ಇನ್ನೊಂದು ಮಾತು ಕೇಳ್ತಾರೆ. "ಬೈಪಾಸ್ ಆಗಿ ಹತ್ತು ವರ್ಷ ಆಯ್ತು. ಈಗ ಚಳಿಗೆ ಎದೆ ಹಿಡಿದ ಹಾಗೆ ಆಗ್ತದೆ. ಅಡಿಕೆ ಕೊಯ್ಲು ಬಿಡೋ ಹಾಗೂ ಇಲ್ಲ. ಏನ್ ಮಾಡೋದು?"

ಇಂಥ ರೈತರ ಸಂಖ್ಯೆ ಕಡಿಮೆ ಏನಲ್ಲ. 2003ರಲ್ಲಿ ಸಹಕಾರ ಸಂಘಗಳ ಮೂಲಕ ಯಶಸ್ವಿನಿ ಯೋಜನೆ ಶುರುವಾದ ಮೇಲೆ ಹೃದಯದ ಆಪರೇಷನ್ ಅನ್ನೋದು ಹಳ್ಳಿಯ ಸಾಮಾನ್ಯ ರೈತನಿಗೂ ಕೈಗೆಟುಕಿತು. ಜಯದೇವ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಬಹಳ ಜನ ಆಪರೇಷನ್ ಮಾಡಿಸಿಕೊಂಡು ಬಂದರು. ಈಗ ಎದೆಯ ಮಧ್ಯೆ ಉದ್ದ ಗೆರೆ ಇರೋ ರೈತರು ನಮ್ಮ ಊರುಗಳಲ್ಲಿ ಒಬ್ಬಿಬ್ಬರಾದರೂ ಸಿಗ್ತಾರೆ. ಆಪರೇಷನ್ ಆದ ಮೊದಲ ಆರು ತಿಂಗಳು ಹೇಗಿರಬೇಕು ಅಂತ ಆಸ್ಪತ್ರೆಯವರು ಹೇಳಿ ಕಳಿಸ್ತಾರೆ. ಹತ್ತನೇ ಚಳಿಗಾಲದಲ್ಲಿ ಹೇಗಿರಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಿರಲ್ಲ.

ಹಾಗಾಗಿ ಇಂಥವರಲ್ಲಿ ಎರಡು ಗುಂಪು ಕಾಣುತ್ತೆ. ಒಂದು, ಚಳಿ ಬಂತು ಅಂದ ಕೂಡಲೇ ಕಂಬಳಿ ಹೊದ್ದು ಮೂರು ತಿಂಗಳು ಮನೆ ಬಿಟ್ಟು ಕದಲದವರು. ಇನ್ನೊಂದು, "ಆಪರೇಷನ್ ಆಗಿ ಇಷ್ಟು ವರ್ಷ ಆಯ್ತು, ಇನ್ನೇನು ಆಗುತ್ತೆ" ಅಂತ ನಸುಕಿನ ನಾಲ್ಕಕ್ಕೆ ಬರಿ ಅಂಗಿಯಲ್ಲಿ ಮೋಟರ್ ಹಾಕಲು ಹೋಗುವವರು. ಎರಡೂ ಸರಿಯಲ್ಲ. ಚಳಿಗಾಲದಲ್ಲಿ ಕೆಲಸ ಬಿಡಬೇಕಿಲ್ಲ, ಕೆಲಸದ ಹೊತ್ತು ಬದಲಿಸಬೇಕು. ಹೆದರಿಕೊಂಡು ಕೂರಬೇಕಿಲ್ಲ, ನಿಮ್ಮ ದೇಹದ ಲೆಕ್ಕ ಬರೆದಿಡಬೇಕು. ಈ ಲೇಖನದ ಸಾರಾಂಶ ಇಷ್ಟೇ, ಇನ್ನುಳಿದದ್ದು ವಿವರ.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ನಾನು ವೈದ್ಯನಲ್ಲ, ತೋಟಗಾರಿಕೆ ಓದಿದವನು. ನಮ್ಮ ಮನೆಯಲ್ಲೂ ಅಪ್ಪನಿಗೆ ಬೈಪಾಸ್ ಆಗಿ ಹನ್ನೆರಡು ಚಳಿಗಾಲ ಕಳೆದಿವೆ. ವೈದ್ಯರನ್ನು ಕೇಳಿ ತಿಳಿದದ್ದನ್ನು ಹೊಲದ ಕೆಲಸಕ್ಕೆ ಹೊಂದಿಸಿ ಬರೆದಿದ್ದೇನೆ. ಮಾತ್ರೆ ಹೆಚ್ಚು ಮಾಡೋದು, ಕಡಿಮೆ ಮಾಡೋದು, ಬಿಡೋದು ಎಲ್ಲವೂ ನಿಮ್ಮ ವೈದ್ಯರ ಮಾತಿನಂತೆಯೇ ಆಗಬೇಕು.

ಚಳಿಗೆ ಹೃದಯದಲ್ಲಿ ಆಗೋದೇನು?

ಚಳಿ ತಾಗಿದ ಕೂಡಲೇ ದೇಹ ಒಳಗಿನ ಬಿಸಿ ಉಳಿಸಿಕೊಳ್ಳಲು ಚರ್ಮದ ಹತ್ತಿರದ ರಕ್ತನಾಳಗಳನ್ನು ಕಿರಿದು ಮಾಡುತ್ತೆ. ಕೈ ಬೆರಳು ತಣ್ಣಗಾಗೋದು ಅದಕ್ಕೇ. ನಾಳ ಕಿರಿದಾದರೆ ಬಿ.ಪಿ. ಏರುತ್ತೆ, ಹೃದಯ ಹೆಚ್ಚು ಒತ್ತಡದ ಎದುರು ರಕ್ತ ತಳ್ಳಬೇಕಾಗುತ್ತೆ. ಅರ್ಧ ಗೇಟ್‌ವಾಲ್ವ್ ಮುಚ್ಚಿ ಮೋಟರ್ ಓಡಿಸಿದ ಹಾಗೆ. ಹೃದಯಕ್ಕೇ ರಕ್ತ ಕೊಡುವ ನಾಳಗಳೂ ಚಳಿಗೆ ಸ್ವಲ್ಪ ಬಿಗಿಯುತ್ತವೆ. ಅಂದರೆ ಕೆಲಸ ಹೆಚ್ಚು, ಸಿಗೋ ರಕ್ತ ಕಡಿಮೆ.

ಇದರ ಜೊತೆ ಬೆಳಗಿನ ಹೊತ್ತಿನ ಲೆಕ್ಕವೂ ಇದೆ. ನಿದ್ದೆಯಿಂದ ಎದ್ದ ಮೊದಲ ಕೆಲವು ಗಂಟೆಗಳಲ್ಲಿ ಎಲ್ಲರಿಗೂ ಬಿ.ಪಿ. ಮತ್ತು ನಾಡಿ ಏರುತ್ತೆ, ರಕ್ತ ಹೆಪ್ಪುಗಟ್ಟುವ ಗುಣವೂ ಸ್ವಲ್ಪ ಹೆಚ್ಚಿರುತ್ತೆ. ಹೃದಯಾಘಾತಗಳು ಬೆಳಗಿನ ಹೊತ್ತು ಹೆಚ್ಚು, ಚಳಿಗಾಲದಲ್ಲಿ ಹೆಚ್ಚು ಅನ್ನೋದು ಎಲ್ಲಾ ಕಡೆ ಕಂಡಿರುವ ಸಂಗತಿ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತೆ. ಮಲೆನಾಡಿನಲ್ಲಿ ಅಷ್ಟು ಇಳಿಯದ ದಿನವೂ ಇಬ್ಬನಿ, ಗಾಳಿ, ಒದ್ದೆ ಬಟ್ಟೆ ಸೇರಿ ಅದೇ ಕೆಲಸ ಮಾಡುತ್ತೆ.

ಹೊಸ ಪೈಪು, ಅದೇ ನೀರು

ಬೈಪಾಸ್‌ನಲ್ಲಿ ಮುಚ್ಚಿದ ನಾಳವನ್ನು ತೆಗೆಯೋದಿಲ್ಲ. ಅದನ್ನು ಬಳಸಿಕೊಂಡು ಹೋಗುವ ಹೊಸ ದಾರಿ ಹಾಕ್ತಾರೆ. ಸಾಮಾನ್ಯವಾಗಿ ಎದೆಗೂಡಿನ ಒಳಗಿನ ಒಂದು ಅಪಧಮನಿ ಮತ್ತು ಕಾಲಿನಿಂದ ತೆಗೆದ ಅಭಿಧಮನಿ ಇದಕ್ಕೆ ಬಳಕೆಯಾಗುತ್ತೆ. ಎದೆಯ ನಾಳ ಗಟ್ಟಿ, ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ತೆರೆದೇ ಇರುತ್ತೆ. ಕಾಲಿನ ನಾಳ ಹಾಗಲ್ಲ. ಕಡಿಮೆ ಒತ್ತಡಕ್ಕೆ ಹುಟ್ಟಿದ ನಾಳವನ್ನು ಹೆಚ್ಚು ಒತ್ತಡದ ಜಾಗಕ್ಕೆ ಜೋಡಿಸಿರೋದರಿಂದ, ಹತ್ತು ವರ್ಷದ ಹೊತ್ತಿಗೆ ಇವುಗಳಲ್ಲಿ ಸುಮಾರು ಅರ್ಧದಷ್ಟು ಕಿರಿದಾಗಿಯೋ ಮುಚ್ಚಿಯೋ ಹೋಗಿರುತ್ತವೆ.

ಇದನ್ನು ಹೆದರಿಸಲು ಹೇಳ್ತಿಲ್ಲ. ಡ್ರಿಪ್ ಹಾಕಿದವರಿಗೆ ಇದು ಗೊತ್ತಿರೋ ವಿಷಯವೇ. ಲ್ಯಾಟರಲ್ ಪೈಪು ಹೊಸದಾಗಿ ಹಾಕಿದ ಮಾತ್ರಕ್ಕೆ ಬೋರ್‌ನೀರಿನ ಉಪ್ಪು ಹೋಗಲ್ಲ. ಫಿಲ್ಟರ್ ತೊಳೆಯದಿದ್ದರೆ, ಆಗಾಗ ಆಸಿಡ್ ಬಿಡದಿದ್ದರೆ ಹೊಸ ಪೈಪೂ ಕಟ್ಟಿಕೊಳ್ಳುತ್ತೆ. ಕೊಬ್ಬಿನ ಮಾತ್ರೆ, ಆಸ್ಪಿರಿನ್, ಬಿ.ಪಿ., ಸಕ್ಕರೆಯ ಮಾತ್ರೆಗಳು ಮಾಡೋದು ಈ ಕೆಲಸವನ್ನೇ. "ಇಷ್ಟು ವರ್ಷ ಆಯ್ತಲ್ಲ" ಅಂತ ಮಾತ್ರೆ ನಿಲ್ಲಿಸುವವರು ನಿಜವಾಗಿ ಹೆಚ್ಚು ಜಾಗ್ರತೆ ಬೇಕಾದ ವರ್ಷಗಳಲ್ಲಿ ನಿಲ್ಲಿಸ್ತಿದ್ದಾರೆ. ಅದರಲ್ಲೂ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳನ್ನು ದಿಢೀರ್ ನಿಲ್ಲಿಸಲೇಬಾರದು, ಬಿ.ಪಿ. ಮತ್ತು ನಾಡಿ ಒಮ್ಮೆಲೇ ಏರಿಬಿಡುತ್ತೆ. ಈ ಮಾತ್ರೆಗಳಿಂದ ಕೈಕಾಲು ತಣ್ಣಗಾಗೋದು ಸಾಮಾನ್ಯ. ತೊಂದರೆ ಅನಿಸಿದರೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ, ನೀವೇ ಬಿಡಬೇಡಿ.

ಹಂಗಾಮಿಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸೋ ಹಾಗೆ, ಚಳಿ ಜೋರಾಗುವ ಮೊದಲು ಒಂದು ಸಲ ವೈದ್ಯರನ್ನು ಕಾಣೋದು ಒಳ್ಳೇದು. ಬೇಸಿಗೆಯಲ್ಲಿ ಹಿಡಿತದಲ್ಲಿದ್ದ ಬಿ.ಪಿ. ಚಳಿಗಾಲದಲ್ಲಿ ಏರಬಹುದು, ಮಾತ್ರೆ ಸ್ವಲ್ಪ ಬದಲಾಗಬಹುದು. ಹಾಗೆ ಏರಿಸಿದ ಮಾತ್ರೆಯನ್ನು ಮಾರ್ಚ್ ಹೊತ್ತಿಗೆ ಮತ್ತೆ ತೋರಿಸಿ. ಇಲ್ಲದಿದ್ದರೆ ಬಿಸಿಲಲ್ಲಿ ಬಗ್ಗಿ ಎದ್ದಾಗ ತಲೆ ಸುತ್ತು ಬರೋದುಂಟು.

ಗಾಯದ ನೋವೋ, ಹೃದಯದ ನೋವೋ?

ಚಳಿಗಾಲದ ದೊಡ್ಡ ಗಾಬರಿ ಇದೇ. ಎದೆಯ ಮೂಳೆ ಕತ್ತರಿಸಿ ತಂತಿ ಹಾಕಿ ಕೂಡಿಸಿರ್ತಾರೆ. ಆ ಜಾಗ ವರ್ಷಗಳ ನಂತರವೂ ಚಳಿಗೆ ಸೆಳೆಯಬಹುದು, ಜೋಮು ಹಿಡಿಯಬಹುದು. ಕಾಲಿನ ನಾಳ ತೆಗೆದ ಕಡೆ ಊತ, ಎಳೆತ ಇರಬಹುದು. ವ್ಯತ್ಯಾಸ ತಿಳಿಯಲು ಕೆಲವು ಗುರುತು:

- ಒಂದು ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಹುದಾದ, ಒತ್ತಿದರೆ, ತಿರುಗಿದರೆ, ಕೈ ಎತ್ತಿದರೆ ಹೆಚ್ಚಾಗುವ ನೋವು ಬಹಳ ಸಲ ಗಾಯದ್ದು ಅಥವಾ ಮಾಂಸಖಂಡದ್ದು.
- ನಡೆದಾಗ, ದಿಣ್ಣೆ ಹತ್ತಿದಾಗ, ಭಾರ ಹೊತ್ತಾಗ ಬಂದು, ನಿಂತರೆ ಇಳಿಯುವ ಭಾರ, ಬಿಗಿತ, ಉರಿ ಹೃದಯದ್ದಾಗಿರಬಹುದು. ದವಡೆ, ಭುಜ, ಎಡಗೈ, ಬೆನ್ನಿಗೂ ಹರಿಯಬಹುದು.
- ತಂಪು ಗಾಳಿಗೆ ಎದುರಾಗಿ ನಡೆದಾಗ ಅಥವಾ ಹೊಟ್ಟೆ ತುಂಬ ಉಂಡು ಕೂಡಲೇ ಕೆಲಸಕ್ಕೆ ಹೋದಾಗ ಮಾತ್ರ ಕಾಣಿಸಿಕೊಂಡರೂ ಅದನ್ನು ಗ್ಯಾಸ್ ಅಂತ ತಳ್ಳಿಹಾಕಬೇಡಿ.
- ಸಕ್ಕರೆ ಕಾಯಿಲೆ ಇರೋರಿಗೆ ನೋವೇ ಬರದೆ ಇರಬಹುದು. ಬರೀ ಏದುಸಿರು, ತಣ್ಣನೆ ಬೆವರು, ಎಂದೂ ಇಲ್ಲದ ಸುಸ್ತು ಬಂದರೆ ಅದೇ ಎಚ್ಚರಿಕೆ ಗಂಟೆ.

ಈ ಗುರುತುಗಳು ವೈದ್ಯರಿಗೆ ಸರಿಯಾಗಿ ವಿವರಿಸಲು ನೆರವಾಗ್ತವೆ. ಇವನ್ನಿಟ್ಟುಕೊಂಡು "ಇದು ಹೃದಯದ್ದಲ್ಲ" ಅಂತ ಮನೆಯಲ್ಲೇ ತೀರ್ಪು ಕೊಡಬೇಡಿ. ಅನುಮಾನ ಇದ್ದರೆ ಇ.ಸಿ.ಜಿ. ಮಾಡಿಸಲೇಬೇಕು.

ಕೆಲಸದ ಹೊತ್ತು ಬದಲಿಸಿ

ಹೊಲದ ಕೆಲಸ ಹೃದಯಕ್ಕೆ ಶತ್ರುವಲ್ಲ. ದಿನವೂ ಒಂದಿಷ್ಟು ನಡೆಯೋದು, ಹಗುರ ಕೆಲಸ ಮಾಡೋದು ಒಳ್ಳೆಯದೇ. ಮೂರು ತಿಂಗಳು ಕೂತರೆ ಸಕ್ಕರೆ, ತೂಕ, ಬಿ.ಪಿ. ಎಲ್ಲವೂ ಏರುತ್ತೆ. ಅಪಾಯ ಇರೋದು ಮೂರು ಸೇರಿದಾಗ: ಚಳಿ, ದಿಢೀರ್ ಶ್ರಮ, ಒಂಟಿತನ. ಈ ಮೂರೂ ಒಟ್ಟಿಗೆ ಬರದ ಹಾಗೆ ನೋಡಿಕೊಳ್ಳಿ.

ರಾತ್ರಿ ಕರೆಂಟು: ತ್ರೀಫೇಸ್ ರಾತ್ರಿ ಎರಡಕ್ಕೋ ಮೂರಕ್ಕೋ ಬಂದರೆ ಎದ್ದು ಹೋಗೋದು ನಮ್ಮ ರೈತರಿಗೆ ಅಭ್ಯಾಸ. ಹೃದಯದ ಆಪರೇಷನ್ ಆದವರಿಗೆ ಚಳಿಗಾಲದಲ್ಲಿ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ಬೆಚ್ಚಗಿನ ಹಾಸಿಗೆಯಿಂದ ನೇರ ಇಬ್ಬನಿಗೆ, ಕತ್ತಲಲ್ಲಿ, ಒಬ್ಬರೇ. ಮೊಬೈಲ್ ಸ್ಟಾರ್ಟರ್ ಅಥವಾ ಆಟೋ ಸ್ಟಾರ್ಟರ್ ಹಾಕಿಸಿ. ಒಂದು ತೊಟ್ಟಿ ಇದ್ದರೆ ರಾತ್ರಿ ನೀರು ತುಂಬಿಸಿಟ್ಟು ಹಗಲು ಹಾಯಿಸಬಹುದು. ವಾಲ್ವ್ ತಿರುಗಿಸಲೇಬೇಕು ಅಂದರೆ ಮನೆಯ ಹುಡುಗರೋ ಪಕ್ಕದ ಜಮೀನಿನವರೋ ಹೋಗಲಿ. ಅವರಿಗೆ ಬದಲಿಗೆ ನೀವು ಹಗಲಿನ ಕೆಲಸ ಮಾಡಿಕೊಡಿ. ಮುಯ್ಯಾಳು ನಮ್ಮಲ್ಲಿ ಹೊಸದೇನಲ್ಲ.

ಬೆಳಗಿನ ಶುರು: ಎದ್ದ ಕೂಡಲೇ ಹೊರಗೆ ಓಡಬೇಡಿ. ಮನೆಯೊಳಗೇ ಹತ್ತು ನಿಮಿಷ ಓಡಾಡಿ, ಬಿಸಿ ಏನಾದರೂ ಕುಡಿದು, ಬೆಳಗಿನ ಮಾತ್ರೆ ತಗೊಂಡು, ಬಿಸಿಲು ಬಿದ್ದ ಮೇಲೆ ಹೊರಡಿ. ರಾಗಿ ಕೊಯ್ಲು, ತೊಗರಿ ಕೊಯ್ಲು, ಕಾಫಿ ಹಣ್ಣು ಬಿಡಿಸೋದು ಒಂಬತ್ತರ ಮೇಲೆ ಶುರುಮಾಡಿದರೂ ನಡೆಯುತ್ತೆ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ಮೂರು ತೆಳು ಬಟ್ಟೆ ಮೇಲು. ಬೆವರಿದರೆ ಒಂದು ತೆಗೆಯಬಹುದು. ಕಿವಿ, ತಲೆ, ಪಾದ ಮುಚ್ಚಿರಲಿ. ಗಾಳಿ ಜೋರಿದ್ದರೆ ಮೂಗು ಬಾಯಿಗೆ ಟವೆಲ್ ಸುತ್ತಿಕೊಳ್ಳಿ.

ಭಾರ: 16 ಲೀಟರ್ ಸ್ಪ್ರೇಯರ್ ತುಂಬಿದರೆ ಬೆನ್ನ ಮೇಲೆ 20 ಕೆಜಿ ಹತ್ತಿರ. ಅರ್ಧ ತುಂಬಿಸಿ ಎರಡು ಸಲ ಹೋಗಿ, ಅಥವಾ ಬ್ಯಾಟರಿ ಪಂಪನ್ನು ಗಾಡಿಯ ಮೇಲಿಟ್ಟು ಪೈಪು ಎಳೆದುಕೊಳ್ಳಿ. ಉಸಿರು ಬಿಗಿಹಿಡಿದು ಮೂಟೆ ಎತ್ತೋದು, ಕೈಪಂಪು ಜಗ್ಗೋದು, ಕೆಟ್ಟುನಿಂತ ಟಿಲ್ಲರ್ ತಳ್ಳೋದು ಬೇಡ. ಅಡಿಕೆ ಗೊನೆ ಹೊರೋದಕ್ಕೆ ಕೈಗಾಡಿ ಬಳಸಿ. ಕೆಲಸ ಮಾಡ್ತಾ ಮಾತಾಡೋಕೆ ಆಗಬೇಕು. ಮಾತು ತುಂಡಾಗಿ ಬರ್ತಿದೆ ಅಂದರೆ ವೇಗ ಹೆಚ್ಚಾಯ್ತು ಅಂತ ಅರ್ಥ.

ಜೀವಾಮೃತ: 200 ಲೀಟರ್ ಡ್ರಮ್ಮಿಗೆ ಸಗಣಿ, ಗಂಜಲ ಹೊತ್ತು ಹಾಕೋದು ಇನ್ನೊಬ್ಬರಿಗೆ ಬಿಡಿ. ತಿರುಗಿಸೋದನ್ನು ಬಿಸಿಲೇರಿದ ಮೇಲೆ ಒಮ್ಮೆ, ಸಂಜೆ ಐದರ ಒಳಗೆ ಒಮ್ಮೆ ಮಾಡಿ. ಚಳಿಗೆ ಹುದುಗೋದು ನಿಧಾನ, ಒಂದೆರಡು ದಿನ ಹೆಚ್ಚು ಬೇಕಾಗುತ್ತೆ. ಹಾಗಾಗಿ ನಸುಕಿನಲ್ಲೇ ಎದ್ದು ತಿರುಗಿಸುವ ಅವಸರ ಬೇಕಿಲ್ಲ.

ಸಾವಯವ ಅಂದ ಮಾತ್ರಕ್ಕೆ ನಿರಪಾಯ ಅಲ್ಲ

ಇದನ್ನು ಸಾವಯವ ಕೃಷಿಕನಾಗಿಯೇ ಹೇಳಬೇಕು. ಅಗ್ನಿಅಸ್ತ್ರಕ್ಕೆ ನಾವು ಹಾಕುವ ಹೊಗೆಸೊಪ್ಪಿನಲ್ಲಿ ನಿಕೋಟಿನ್ ಇರುತ್ತೆ. ಅದು ಒದ್ದೆ ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ನಾಡಿ ಮತ್ತು ಬಿ.ಪಿ. ಏರಿಸುತ್ತೆ. ಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಕುದಿಸುವಾಗ ಬರುವ ಘಾಟಿಗೆ ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಳ್ಳುವವರಿದ್ದಾರೆ. ಹೃದಯದ ಆಪರೇಷನ್ ಆದವರು ಇದನ್ನು ಕುದಿಸುವುದೂ ಬೇಡ, ಸಿಂಪಡಿಸುವುದೂ ಬೇಡ. ಬೇವಿನ ಬೀಜದ ಕಷಾಯ ಸಾಕಾಗುವ ಕಡೆ ಅದನ್ನೇ ಬಳಸಿ. ರಾಸಾಯನಿಕ ಕೀಟನಾಶಕ ಬಳಸುವವರಿಗಂತೂ ಬೇರೆ ಹೇಳಬೇಕಿಲ್ಲ, ಆ ಕೆಲಸ ಬೇರೆಯವರಿಗೆ ಬಿಡಿ. ಮಾಡುವವರೂ ಕೈಗವಸು, ಮಾಸ್ಕ್ ಹಾಕಿಕೊಳ್ಳಲಿ.

ಒಕ್ಕಣೆಯ ಧೂಳು, ಒಣಗಿದ ಕಾಂಪೋಸ್ಟಿನಿಂದ ಏಳುವ ಬೂಷ್ಟಿನ ಪುಡಿ ಎರಡೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಾಂಪೋಸ್ಟ್ ತಿರುವುವ ಮೊದಲು ನೀರು ಚಿಮುಕಿಸಿ, ಮಾಸ್ಕ್ ಹಾಕಿ. ಅಡಿಕೆ ಬೇಯಿಸುವ ಒಲೆ ಮುಂದೆ ಗಂಟೆಗಟ್ಟಲೆ ಹೊಗೆಯಲ್ಲಿ ಕೂರುವುದು, ಆಮೇಲೆ ಬೆವರಿದ ಮೈಯಲ್ಲೇ ಅಂಗಳದ ಚಳಿಗೆ ಬರುವುದು ಕೂಡ ಹೃದಯಕ್ಕೆ ಭಾರ.

ಇನ್ನು ಮನೆಯೊಳಗಿನ ಅಗ್ಗಿಷ್ಟಿಕೆ. ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಬಿಡುತ್ತೆ. ಗಟ್ಟಿ ಹೃದಯದವರೂ ಇದರಿಂದ ಸತ್ತಿದ್ದಾರೆ. ಬೀಡಿ ಬಗ್ಗೆ ಹೇಳೋದೇ ಬೇಡ. "ಚಳಿಗೆ ಒಂದು ಪೆಗ್" ಅನ್ನೋದೂ ಸುಳ್ಳು ಬಿಸಿ. ಮದ್ಯ ಚರ್ಮದ ನಾಳ ಹಿಗ್ಗಿಸಿ ಬಿಸಿ ಅನಿಸುವಂತೆ ಮಾಡುತ್ತೆ, ಆದರೆ ದೇಹದ ಶಾಖ ಹೊರಗೆ ಹೋಗುತ್ತೆ.

ವಾಲ್ವ್ ಹಾಕಿಸಿಕೊಂಡವರಿಗೆ: ಸೊಪ್ಪು, ಇಲಿ ಪಾಷಾಣ, ಹಿಮ್ಮಡಿ

ಲೋಹದ ವಾಲ್ವ್ ಇರೋರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಮಾತ್ರೆಯನ್ನು ಜೀವನಪೂರ್ತಿ ತಗೊಳ್ತಾರೆ. ಈ ಮಾತ್ರೆಯ ಕಥೆ ಶುರುವಾಗಿದ್ದು ಹೊಲದಲ್ಲೇ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಮೇವು, ಸ್ವೀಟ್ ಕ್ಲೋವರ್, ತಿಂದ ದನಗಳು ರಕ್ತ ನಿಲ್ಲದೆ ಸತ್ತವು. ಅದರ ಕಾರಣ ಹುಡುಕುತ್ತಾ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಜೊತೆಗಾರರು ಆ ವಸ್ತುವನ್ನು ಬೇರ್ಪಡಿಸಿದರು. ಅದೇ ಬಳಗದ ವಾರ್ಫರಿನ್ 1948ರಲ್ಲಿ ಮೊದಲು ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರ ಔಷಧಿ ಆದದ್ದು ಆಮೇಲೆ.

ಇದರಿಂದ ರೈತರು ತಿಳಿಯಬೇಕಾದ್ದು ಎರಡು. ಒಂದು, ತೆಂಗು, ಅಡಿಕೆ, ಕೋಕೋ ತೋಟಗಳಲ್ಲಿ ಇಲಿಗೆ ಇಡುವ ಬ್ರೊಮಾಡಿಯೋಲೋನ್ ಕೇಕ್ ಕೂಡ ಇದೇ ಗುಂಪಿನದು, ಇನ್ನೂ ತೀಕ್ಷ್ಣ. ಈ ಮಾತ್ರೆ ತಗೊಳ್ಳೋರು ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸಾಧ್ಯವಾದರೆ ಬೋನು, ಬಲೆ ಬಳಸಿ. ಎರಡು, ವಿಟಮಿನ್ ಕೆ ಈ ಮಾತ್ರೆಯ ಎದುರಾಳಿ, ಅದು ಹೆಚ್ಚಿರೋದು ಹಸಿರು ಸೊಪ್ಪಿನಲ್ಲಿ.

ಚಳಿಗಾಲ ಅಂದರೆ ಸೊಪ್ಪಿನ ಕಾಲ. ಮೆಂತ್ಯ, ಪಾಲಕ್, ದಂಟು, ಕೊತ್ತಂಬರಿ, ಉತ್ತರ ಕರ್ನಾಟಕದಲ್ಲಿ ಎಳೆ ಕಡಲೆ ಸೊಪ್ಪು, ಎಳ್ಳಮಾವಾಸ್ಯೆಯ ಭಜ್ಜಿ. ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಸೊಪ್ಪು ತಿಂತಿದ್ದವರು ಡಿಸೆಂಬರ್‌ನಲ್ಲಿ ದಿನಾ ತಿಂದರೆ ಮಾತ್ರೆಯ ಕೆಲಸ ತಗ್ಗಿ, ವಾಲ್ವ್ ಮೇಲೆ ಹೆಪ್ಪು ಕಟ್ಟುವ ಅಪಾಯ ಬರುತ್ತೆ. ಹಾಗಂತ ಸೊಪ್ಪು ಪೂರ್ತಿ ಬಿಡೋದೂ ತಪ್ಪು. ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ. ಊಟದ ಪದ್ಧತಿ ಬದಲಾಗಿದೆ ಅನಿಸಿದರೆ ಐ.ಎನ್.ಆರ್. ರಕ್ತಪರೀಕ್ಷೆ ಬೇಗ ಮಾಡಿಸಿ. ಈ ಅಂಕಿ ಎಷ್ಟಿರಬೇಕು ಅನ್ನೋದು ವಾಲ್ವ್ ಯಾವುದು, ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ನಿಮ್ಮದು ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಕಾರಣ ಇಲ್ಲದೆ ನೀಲಿ ಕಲೆ ಕಂಡರೆ, ತಲೆಗೆ ಪೆಟ್ಟು ಬಿದ್ದರೆ ಕಾಯಬೇಡಿ.

ಇನ್ನು ಹಿಮ್ಮಡಿ ಒಡಕು. ಚಳಿಗೆ ಒಡೆದ ಹಿಮ್ಮಡಿಯಲ್ಲಿ ಬರಿಗಾಲಲ್ಲಿ ಸಗಣಿ ತುಳಿಯೋದು ಎಲ್ಲರಿಗೂ ಮಾಮೂಲು. ಆದರೆ ಕೃತಕ ವಾಲ್ವ್ ಇರೋರಿಗೆ ರಕ್ತಕ್ಕೆ ಇಳಿದ ಸೋಂಕು ವಾಲ್ವ್‌ನಲ್ಲಿ ಹೋಗಿ ಕೂರಬಹುದು, ಅದು ಜೀವಕ್ಕೇ ಅಪಾಯ. ರಾತ್ರಿ ಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಕಾಲುಚೀಲ ಹಾಕಿ ಮಲಗಿ. ಕೊಟ್ಟಿಗೆಗೆ ಗಮ್‌ಬೂಟ್ ಇರಲಿ. ಹಲ್ಲು ಕೀಳಿಸುವ ಮೊದಲು ವಾಲ್ವ್ ಇದೆ ಅಂತ ದಂತವೈದ್ಯರಿಗೆ ತಪ್ಪದೆ ಹೇಳಿ, ಮುಂಚೆಯೇ ಆಂಟಿಬಯಾಟಿಕ್ ಬೇಕಾಗುತ್ತೆ. ಕಾರಣ ತಿಳಿಯದ ಜ್ವರ ಮೂರ್ನಾಲ್ಕು ದಿನ ಬಿಡದಿದ್ದರೆ, ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ಕೂರದೆ ಹೃದಯದ ವೈದ್ಯರಿಗೇ ತೋರಿಸಿ.

ನೆಗಡಿ, ಕೆಮ್ಮು, ಕಷಾಯ

ಫ್ಲೂ ಜ್ವರ ಹೃದಯದ ಮೇಲೆ ಭಾರ ಹಾಕುತ್ತೆ. ಹೃದಯದ ಕಾಯಿಲೆ ಇರೋರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಲು ವೈದ್ಯರು ಹೇಳ್ತಾರೆ. ನ್ಯುಮೋನಿಯಾ ಲಸಿಕೆ ಬಗ್ಗೆಯೂ ಕೇಳಿ. ಕುರಿ, ದನಕ್ಕೆ ಹಂಗಾಮು ನೋಡಿ ಲಸಿಕೆ ಹಾಕಿಸುವ ನಾವು ನಮ್ಮದನ್ನು ಮರೆಯೋದು ಬೇಡ.

- ಮೂಗು ಕಟ್ಟಿದ್ದಕ್ಕೆ ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಮಾತ್ರೆ, ಸಿರಪ್ಪುಗಳಲ್ಲಿ ಫಿನೈಲೆಫ್ರಿನ್ ತರಹದ, ಬಿ.ಪಿ. ಏರಿಸುವ ಔಷಧಿ ಇರುತ್ತೆ. ಹಬೆ ತಗೊಳ್ಳೋದು, ಉಪ್ಪುನೀರು ಮುಕ್ಕಳಿಸೋದು ಮೇಲು.
- ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಬಿ.ಪಿ. ಏರುತ್ತೆ, ದೇಹದಲ್ಲಿ ನೀರು ನಿಲ್ಲುತ್ತೆ, ರಕ್ತ ತೆಳು ಮಾಡುವ ಮಾತ್ರೆ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಯಾವುದು ನಡೆಯುತ್ತೆ ಅಂತ ವೈದ್ಯರಲ್ಲಿ ಮೊದಲೇ ಬರೆಸಿಕೊಂಡಿರಿ.
- ಶುಂಠಿ, ಮೆಣಸು, ಜೀರಿಗೆಯ ಮಾಮೂಲಿ ಕಷಾಯಕ್ಕೆ ತೊಂದರೆ ಇಲ್ಲ. ಆದರೆ ಅತಿಮಧುರ ದಿನಾ ಹಾಕಿದರೆ ಬಿ.ಪಿ. ಏರಿ ಪೊಟ್ಯಾಸಿಯಂ ಇಳಿಯಬಹುದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರು ಬೆಳ್ಳುಳ್ಳಿ, ಅರಿಶಿನವನ್ನು ಅಡುಗೆಗೆ ಹಾಕುವಷ್ಟೇ ಬಳಸಿ, ಔಷಧಿ ಅಂತ ಮುಷ್ಟಿಗಟ್ಟಲೆ ಬೇಡ.

ಊಟದಲ್ಲಿ ಚಳಿಗಾಲದ ತೊಂದರೆ ಉಪ್ಪಿನದು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಹೃದಯ ಸೋತಿದೆ ಅಂತ ಮೂತ್ರದ ಮಾತ್ರೆ ತಗೊಳ್ಳೋರು ಬೆಳಿಗ್ಗೆ ಬಹಿರ್ದೆಸೆ ಮುಗಿಸಿ, ತಿಂಡಿಗೆ ಮೊದಲು ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು. ವೈದ್ಯರಿಗೆ ಫೋನ್ ಮಾಡಿ.

ಹೊಲದ ಡೈರಿಯಲ್ಲಿ ನಿಮಗೂ ಒಂದು ಪುಟ

ಇಲ್ಲಿ ಹೇಳಿದ್ದರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಮನೆಯಿಂದ ದಿನಾ ನಡೆಯುವ ಒಂದು ದಾರಿ ಆರಿಸಿಕೊಳ್ಳಿ. ಪಂಪ್‌ಹೌಸ್‌ವರೆಗೆ ಆಗಲಿ, ಡೈರಿಯವರೆಗೆ ಆಗಲಿ, ಅದರಲ್ಲಿ ಒಂದು ಸಣ್ಣ ದಿಣ್ಣೆ ಇದ್ದರೆ ಒಳ್ಳೇದು. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ನಿಲ್ಲಬೇಕಾಯ್ತು, ಏದುಸಿರು ಬಂತಾ ಅಂತ ವಾರಕ್ಕೆರಡು ಸಲ ಬರೆಯಿರಿ. ಜೊತೆಗೆ ಐದು ನಿಮಿಷ ಕೂತು ನೋಡಿದ ಬಿ.ಪಿ., ನಾಡಿ, ತೂಕ, ರಾತ್ರಿ ಎಷ್ಟು ದಿಂಬು ಬೇಕಾಯ್ತು, ಕಾಲು ಊದಿದೆಯಾ.

ನಮ್ಮಪ್ಪ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಇದನ್ನು ಬರೆಯುತ್ತಾರೆ. ಆಪರೇಷನ್ ಆದ ಒಂಬತ್ತನೇ ವರ್ಷ ಡಿಸೆಂಬರ್‌ನಲ್ಲಿ ಪಂಪ್‌ಹೌಸ್ ದಾರಿಯ ಮುಂದೆ "ನಿಂತಿಲ್ಲ" ಅಂತ ಇದ್ದದ್ದು ಮೊದಲು "1" ಆಯ್ತು, ಎರಡು ವಾರಕ್ಕೆ "2" ಆಯ್ತು. ಎದೆನೋವು ಏನೂ ಇರಲಿಲ್ಲ, ಅವರಿಗೆ ಸಕ್ಕರೆ ಕಾಯಿಲೆ ಇದೆ. "ವಯಸ್ಸಾಯ್ತು ಕಣೋ, ಚಳಿ ಬೇರೆ" ಅಂತ ಅವರೇ ಹೇಳಿದ್ರು. ಆ ಪುಟ ತೋರಿಸಿದಾಗ ವೈದ್ಯರು ಹಾಗನ್ನಲಿಲ್ಲ. ಪರೀಕ್ಷೆ ಮಾಡಿದರು. ಕಾಲಿನಿಂದ ತೆಗೆದು ಜೋಡಿಸಿದ ಒಂದು ನಾಳ ಬಹಳ ಕಿರಿದಾಗಿತ್ತು. ಹೃದಯಾಘಾತ ಆಗುವ ಮೊದಲೇ ಸ್ಟೆಂಟ್ ಹಾಕಿ ಕಳಿಸಿದರು. ಫೆಬ್ರವರಿ ಕೊನೆಗೆ ಅದೇ ಪುಟದಲ್ಲಿ ಮತ್ತೆ "ನಿಂತಿಲ್ಲ" ಅಂತ ಬರೆದರು.

ಡೈರಿಯ ಗುಟ್ಟು ಇಷ್ಟೇ: ನಿಮ್ಮನ್ನು ಪಕ್ಕದ ಮನೆಯವರ ಜೊತೆ ಹೋಲಿಸಬೇಡಿ, ಕಳೆದ ತಿಂಗಳ ನಿಮ್ಮ ಜೊತೆಯೇ ಹೋಲಿಸಿ. ಹತ್ತು ವರ್ಷದಿಂದ ಒಂದೇ ತರಹ ಇರುವ ಗಾಯದ ಸೆಳೆತ ದೊಡ್ಡ ಸುದ್ದಿಯಲ್ಲ. ಹೊಸದಾಗಿ ಬಂದದ್ದು, ಹೆಚ್ಚಾಗುತ್ತಿರುವುದು, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರುತ್ತಿರುವುದು ಸುದ್ದಿ.

ತುರ್ತು ಬಂದರೆ

ಎದೆಯ ಬಿಗಿತ ಬಂದರೆ ಕೆಲಸ ನಿಲ್ಲಿಸಿ ಕೂತುಬಿಡಿ. ವೈದ್ಯರು ನಾಲಿಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಕೂತೇ ಇಟ್ಟುಕೊಳ್ಳಿ, ನಿಂತು ಇಟ್ಟರೆ ಬಿ.ಪಿ. ಇಳಿದು ಬೀಳಬಹುದು. ಲೈಂಗಿಕ ಶಕ್ತಿಗೆಂದು ಮಾತ್ರೆ ತಗೊಂಡಿದ್ದರೆ ಇದನ್ನು ಇಡಬಾರದು, ಆ ವಿಷಯ ಆಸ್ಪತ್ರೆಯಲ್ಲಿ ನಾಚಿಕೆ ಇಲ್ಲದೆ ಹೇಳಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.

ಕರ್ನಾಟಕ ಸರ್ಕಾರ 2023ರಲ್ಲಿ ಶುರುಮಾಡಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಅಗತ್ಯ ಇದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಇದೆಯಾ ಅಂತ ಆರೋಗ್ಯವಾಗಿರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿ. ಆದರೆ ವಾರ್ಫರಿನ್ ತರಹದ ಮಾತ್ರೆ ತಗೊಳ್ಳೋರಿಗೆ ಈ ಇಂಜೆಕ್ಷನ್‌ನಿಂದ ರಕ್ತಸ್ರಾವದ ಅಪಾಯ ಹೆಚ್ಚು. ಅದಕ್ಕೇ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಹೊದಿಸಿ ಜೇಬಲ್ಲೋ ಮೊಬೈಲ್ ಕವರಲ್ಲೋ ಇಡಿ: ಯಾವ ಆಪರೇಷನ್, ಯಾವ ವರ್ಷ, ಎಲ್ಲಿ ಆಯ್ತು, ಈಗಿನ ಮಾತ್ರೆಗಳು, ಮನೆಯವರ ನಂಬರ್. ತೋಟದಲ್ಲಿ ಸಿಗ್ನಲ್ ಇಲ್ಲದ ಜಾಗಕ್ಕೆ ಹೋಗುವಾಗ "ಇಷ್ಟು ಹೊತ್ತಿಗೆ ಬರ್ತೀನಿ" ಅಂತ ಹೇಳಿಯೇ ಹೋಗಿ. ಬೆಲ್ಟಿಗೆ ಒಂದು ಸೀಟಿ ಇರಲಿ.

ಕೊನೆಯದಾಗಿ, ಮನಸ್ಸಿನ ಮಾತು

ರಾತ್ರಿ ಚಳಿಗೆ ಎಚ್ಚರ ಆಗಿ, ಎದೆ ಬಡಿತ ಎಣಿಸ್ತಾ ಮಲಗೋದು ಬಹಳ ಜನರ ಗುಟ್ಟಿನ ಕಷ್ಟ. ಗಂಡಸರು ಇದನ್ನು ಹೇಳಿಕೊಳ್ಳಲ್ಲ. ಹೆಂಗಸರು ಹೇಳಿದರೂ "ನಿಂಗೇನಾಗಿದೆ, ಸುಮ್ಮನೆ ಚಿಂತೆ" ಅಂತಾರೆ. ಈ ಭಯ ದೌರ್ಬಲ್ಯ ಅಲ್ಲ, ಒಂದು ಸಲ ಸಾವನ್ನು ಹತ್ತಿರದಿಂದ ನೋಡಿ ಬಂದವರಿಗೆ ಬರುವಂಥದ್ದೇ. ನಿದ್ದೆ ಕೆಡುವಷ್ಟು, ಹೊಲಕ್ಕೆ ಕಾಲಿಡಲಾಗದಷ್ಟು ಆದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಮನೆಯವರಿಗೂ ಒಂದು ಮಾತು: "ಏನೂ ಮಾಡಬೇಡಿ, ಕೂತಿರಿ" ಅಂತ ಅವರನ್ನು ಮೂಲೆಗೆ ಕೂರಿಸಬೇಡಿ. ಬಿತ್ತನೆ ಬೀಜ ಆರಿಸೋದು, ಕಸಿ ಗಿಡ ನೋಡಿಕೊಳ್ಳೋದು, ಆಳುಗಳ ಲೆಕ್ಕ, ಬಿಸಿಲು ಹೊತ್ತಿನ ಬದು ಸುತ್ತಾಟ ಇವೆಲ್ಲ ಅವರಿಗೇ ಬಿಡಿ. ಅನುಭವ ಬೇಕಾದ ಕೆಲಸ ತೋಟದಲ್ಲಿ ಬೇಕಾದಷ್ಟಿದೆ, ಅದಕ್ಕೆ ಭುಜಬಲ ಬೇಡ.

ಈ ವಾರ ಮೂರು ಕೆಲಸ ಮಾಡಿ: ವೈದ್ಯರನ್ನು ಕಾಣುವ ದಿನ ಗೊತ್ತುಮಾಡಿ, ಜೇಬಿನ ಚೀಟಿ ಬರೆಯಿರಿ, ಡೈರಿಯ ಮೊದಲ ಸಾಲು ತುಂಬಿಸಿ. ನಿಮ್ಮ ಊರಲ್ಲಿ ಹೃದಯದ ಆಪರೇಷನ್ ಆದವರಿದ್ದರೆ ಇದನ್ನು ಓದಿ ಹೇಳಿ.

ಮುಂದಿನ ವಾರ ಮಾವಿನ ಹೂ ಬಿಡುವ ಹೊತ್ತಿಗೆ ಬರುವ ಜಿಗಿಹುಳು ಮತ್ತು ಬೂದಿರೋಗದ ಸಾವಯವ ಹತೋಟಿ ಬಗ್ಗೆ ನೋಡೋಣ. ಬೆಚ್ಚಗಿರಿ.